ಮೂರನೇ ಕಿಟಕಿಯ ಟವೆಲ್

ನಾನು ಯಾರನ್ನೂ ಸುಲಭಕ್ಕೆ ನಂಬುವ ಮನುಷ್ಯನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಮರುಳಪ್ಪ. ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಗಾಡಿಗಳ ಏಜೆಂಟನಾಗಿ ಇಪ್ಪತ್ತೊಂದು ವರ್ಷ ನಿಂತವನು. ಮಗುವಿಗೆ ಇನ್ನೂ ನಾಲ್ಕು ವರ್ಷ ಎಂದವರ ಮಗುವಿನ ಬಾಯಿ ತೆರೆಸಿ ಹಲ್ಲು ನೋಡಿದ್ದೇನೆ. ಬಸುರಿ, ಜಾಗ ಬಿಡಿ ಎಂದು ಬಂದವಳ ಸೆರಗಿನೊಳಗಿಂದ ಕೋಳಿ ಕೂಗಿದ್ದನ್ನು ಕೇಳಿದ್ದೇನೆ. ಅನುಮಾನವೇ ನನ್ನ ಕಸುಬಾಗಿತ್ತು. ಆ ಅನುಮಾನದಿಂದ ಒಬ್ಬ ಹೆಂಗಸಿನ ಅನ್ನ ಕಿತ್ತುಕೊಂಡೆ. ಅವಳ ಹೆಸರು ಗಿಡ್ಡಮ್ಮ.

ಹೆಸರಿಗೆ ಗಿಡ್ಡಮ್ಮ, ಎತ್ತರದಲ್ಲಿ ನನಗಿಂತ ಒಂದು ಗೇಣು ಹೆಚ್ಚು. ಹುಟ್ಟಿದ್ದು ಗೋವಿನಕೋವಿಯಲ್ಲಿ. ನಮ್ಮೂರ ಕೇರಿಯ ಚಿಕ್ಕಹನುಮಂತಪ್ಪನಿಗೆ ಕೊಟ್ಟಿದ್ದರು. ಅವನು ಮಂಡಿಯಲ್ಲಿ ಮೂಟೆ ಹೊರುತ್ತಿದ್ದ, ಮೂವತ್ತೈದಕ್ಕೆಲ್ಲ ಸತ್ತುಹೋದ. ಆಮೇಲೆ ಇವಳು ಛತ್ರದ ಪಕ್ಕ ರಾತ್ರಿ ತಂಗುವ ಎರಡು ಗಾಡಿಗಳನ್ನು ಬೆಳಿಗ್ಗೆ ಎದ್ದು ಗುಡಿಸಿ, ಸೀಟು ಒರೆಸಿಕೊಡುವ ಕೆಲಸ ಹಿಡಿದಳು. ಹೆಚ್ಚು ಮಾತಿಲ್ಲ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುತ್ತಿದ್ದಳು, ಉಳಿದರ್ಧ ಪೊರಕೆಗೆ ಹೇಳಿಕೊಳ್ಳುತ್ತಿದ್ದಳು. ಅರ್ಧ ಉತ್ತರ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆಗ ಬೆಳಿಗ್ಗೆ ಏಳೂವರೆಯ ದಾವಣಗೆರೆ ಗಾಡಿ ಹತ್ತುವುದೆಂದರೆ ಕುಸ್ತಿ. ಕೋರ್ಟಿಗೆ, ಕಾಲೇಜಿಗೆ, ದೊಡ್ಡ ಆಸ್ಪತ್ರೆಗೆ, ಎಲ್ಲದಕ್ಕೂ ಹೊನ್ನಾಳಿಗೋ ದಾವಣಗೆರೆಗೋ ಹೋಗಬೇಕು. ಪೇಟೆಗಳು ಬೆಳೆದವು, ಹೋಗುವ ಜನ ಮೂರು ಪಟ್ಟಾದರು, ಗಾಡಿ ಮಾತ್ರ ಅದೇ ಒಂದು. ಗಟ್ಟಿ ಆಳುಗಳು ಕಿಟಕಿಯಿಂದಲೇ ಒಳಗೆ ನುಗ್ಗುವರು, ಕೆಲವರು ಟಾಪಿನ ಮೇಲೆ ಏರುವರು. ಮುದುಕರು, ಬಸುರಿಯರು, ಕುಂಟರು ನೆಲದ ಮೇಲೆ ನಿಂತು ಗಾಡಿ ಹೋಗುವುದನ್ನು ನೋಡುವರು. ಹೆಂಗಸರಿಗೆ ಎಂದು ಬರೆದ ಸೀಟಿನಲ್ಲಿ ಗಂಡಸರು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ನಾನು ಎಬ್ಬಿಸಿದ್ದುಂಟೇ? ಇಲ್ಲ. ಗಾಡಿ ತುಂಬಿದರೆ ನನ್ನ ಕೆಲಸ ಮುಗಿಯಿತು.

ಆ ಕುಸ್ತಿಯಲ್ಲೂ ಎಲ್ಲರೂ ಒಪ್ಪಿದ ಕಾನೂನು ಒಂದಿತ್ತು. ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ಎಸೆದವನದು. ಅವನು ಹೋಟೆಲಿನಲ್ಲಿ ದೋಸೆ ತಿಂದು ನಿಧಾನಕ್ಕೆ ಬರಲಿ, ಬೀಡಿ ಸೇದಿ ಬರಲಿ, ಬೇರೆಯವನು ಅದನ್ನು ತೆಗೆಯುವ ಹಾಗಿಲ್ಲ. ಟವೆಲ್ ಗೌಡರದ್ದೋ, ಪೊಲೀಸಿನವನದ್ದೋ, ಯಾರಿಗೆ ಗೊತ್ತು? ಆದರೆ ಹೆಂಗಸರು ಟವೆಲ್ ಹಾಕುತ್ತಿರಲಿಲ್ಲ. ಟವೆಲ್ ಇರುವುದು ಗಂಡಸಿನ ಹೆಗಲ ಮೇಲೆ. ಹಾಗಾಗಿ ಟವೆಲ್ ಹಾಕಿದ ಸೀಟಿನಲ್ಲಿ ಹೆಂಗಸು ಬಂದು ಕೂತರೆ, ಅವಳು ಆ ಗಂಡಸಿನ ಹೆಂಡತಿ, ತಾಯಿ, ಇಲ್ಲವೇ ಅಕ್ಕತಂಗಿ ಎಂದು ಅರ್ಥ. ಇದ್ಯಾವುದೂ ಅಲ್ಲದಿದ್ದರೆ ಬೇರೆ ಅರ್ಥ.

ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ನನ್ನ ಕಣ್ಣಿಗೆ ಒಂದು ಟವೆಲ್ ಬಿತ್ತು. ಎಡಗಡೆ ಮೂರನೇ ಕಿಟಕಿಯ ಸೀಟು. ನೀಲಿ ಅಂಚಿನ, ಒಗೆದು ಮಡಿಸಿದ ಟವೆಲ್. ಗಾಡಿ ಛತ್ರದಿಂದ ಸ್ಟ್ಯಾಂಡಿಗೆ ಬರುವಾಗಲೇ ಅದು ಅಲ್ಲಿರುತ್ತಿತ್ತು. ಮಂಗಳವಾರ, ಶುಕ್ರವಾರ ಮಾತ್ರ. ಜನ ನುಗ್ಗಿ, ಬೈದಾಡಿ, ಒಬ್ಬರ ಮೇಲೊಬ್ಬರು ಬಿದ್ದರೂ ಆ ಸೀಟು ಖಾಲಿ. ಎಲ್ಲರೂ ಹತ್ತಿದ ಮೇಲೆ ಒಬ್ಬ ಹುಡುಗಿ ತಲೆ ತುಂಬ ಸೆರಗು ಹೊದ್ದು ಬಂದು, ಟವೆಲನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದಳು.

ಅವಳು ಸಿದ್ದಲಿಂಗಮ್ಮ, ಗೊಬ್ಬರದ ಅಂಗಡಿ ಕಲ್ಲೇಶಪ್ಪನ ತಂಗಿ. ಇಪ್ಪತ್ತು ವರ್ಷ. ಜಗಳೂರಿನ ಒಳ್ಳೆಯ ಮನೆತನದ ಹುಡುಗನೊಂದಿಗೆ ಮಾತಾಗಿತ್ತು, ಮುಂದಿನ ವೈಶಾಖಕ್ಕೆ ಮದುವೆ. ಹೊನ್ನಾಳಿಯಲ್ಲಿ ಹೊಲಿಗೆ ಕಲಿಯಾಕೆ ಹೋಗ್ತೀನಿ ಎಂದು ಹೇಳುತ್ತಿದ್ದಳು. ಹೊಲಿಗೆ ಕಲಿಯುವವಳ ಕೈಯಲ್ಲಿ ಒಂದು ತುಂಡು ಬಟ್ಟೆ ಬೇಡವೇ? ಇರಲಿಲ್ಲ. ಪಕ್ಕದಲ್ಲಿ ಕೂತವರ ಜೊತೆ ಮಾತಿಲ್ಲ, ಬಾಯಿಗೆ ಸೆರಗು.

ಗಾಡಿಯಲ್ಲಿ ಗುಸುಗುಸು ಶುರುವಾಯಿತು. ಟವೆಲ್ ಯಾರದು? ಕಂಡಕ್ಟರ್ ಬೀರಲಿಂಗಪ್ಪನದೇ ಎಂದರು ಕೆಲವರು. ಅವನನ್ನು ಮರೆಗೆ ಕರೆದು ಕೇಳಿದೆ.

"ಅಯ್ಯೋ ಬಿಡ್ರಿ, ನಾಕು ಮಕ್ಕಳ ತಂದೆ ನಾನು. ಟಿಕೆಟ್ ಹರಿಯಾಕೆ ಪುರುಸೊತ್ತಿಲ್ಲ, ಟವೆಲ್ ಎಲ್ಲಿ ಹಾಕ್ಲಿ?" ಎಂದ.

ಹಾಗಾದರೆ ಇನ್ಯಾರು? ಅದೇ ಗಾಡಿಯಲ್ಲಿ ಹೋಗುವ ಒಬ್ಬ ಮೇಷ್ಟರ ಮೇಲೆ ಕಣ್ಣಿಟ್ಟೆ. ಒಬ್ಬ ಅಡಿಕೆ ದಲ್ಲಾಳಿಯ ಹೆಗಲು ನೋಡಿದೆ, ಅವನ ಟವೆಲ್ಲಿಗೆ ಕೆಂಪಂಚು. ಎಂಥ ಚಾಲಾಕಿ ಆಸಾಮಿ ಇರಬೇಕು ಎಂದು ತಲೆ ಬಿಸಿಯಾಯಿತು. ಈ ಮಾತು ಜಗಳೂರಿನವರ ಕಿವಿಗೆ ಬಿದ್ದರೆ ಆ ಹುಡುಗಿಯ ಮದುವೆ ಮುರಿದಂತೆಯೇ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹುಡುಕಿದೆ, ಊರಿನ ಮಾನ ಕಾಯುವವನು ನಾನೇ ಎನ್ನುವ ಹಾಗೆ.

ಗಣಪತಿ ಹಬ್ಬ ಕಳೆದ ಮಂಗಳವಾರ ಬೆಳಿಗ್ಗೆ ಆರಕ್ಕೇ ಹೋಗಿ ಛತ್ರದ ಕಂಬದ ಹಿಂದೆ ನಿಂತೆ. ಗಿಡ್ಡಮ್ಮ ಗಾಡಿ ಗುಡಿಸಿದಳು, ಸೀಟು ಒರೆಸಿದಳು. ಆಮೇಲೆ ಮಡಿಲಿನಿಂದ ಆ ನೀಲಿ ಅಂಚಿನ ಟವೆಲ್ ತೆಗೆದು, ಮೂರನೇ ಕಿಟಕಿಯ ಸೀಟಿನ ಮೇಲೆ ಹಾಸಿ, ಕೈಯಿಂದ ಒಮ್ಮೆ ಸವರಿದಳು. ಓಹೋ, ಇವಳೇನಾ ದಲ್ಲಾಳಿ ಎಂದುಕೊಂಡೆ. ಯಾವನೋ ಟವೆಲ್ ಕೊಟ್ಟಿದ್ದಾನೆ, ಇವಳು ಹಾಕುತ್ತಿದ್ದಾಳೆ.

"ಯಾರು ಕೊಟ್ಟಿದ್ದೇ ಈ ಟವೆಲ್?" ಎಂದು ಎದುರಿಗೆ ಹೋಗಿ ನಿಂತೆ.

ಅವಳು ಬೆಚ್ಚಿಬಿದ್ದಳು. "ಯಾರೂ ಇಲ್ಲ ಸ್ವಾಮಿ."

"ಯಾರೂ ಇಲ್ಲದೆ ಟವೆಲ್ ಆಕಾಶದಿಂದ ಬಿತ್ತಾ? ಆ ಹುಡುಗಿ ಯಾರನ್ನ ನೋಡಾಕೆ ಹೋಗ್ತಾಳೆ, ಬೊಗಳು."

"ನಾ ಕಸ ಗುಡಿಸಾಕಿ. ನನ್ನನ್ನ ಏನೂ ಕೇಳಬ್ಯಾಡ್ರಿ."

"ಕಲ್ಲೇಶಪ್ಪಂಗೆ ಹೇಳ್ತೀನಿ."

ಆಗ ಅವಳು ಪೊರಕೆ ಕೆಳಗಿಟ್ಟು ಕೈ ಮುಗಿದಳು. "ಯುಗಾದಿ ಕಳೀಲಿ ಏಜೆಂಟ್ರೆ, ಅಷ್ಟೇ ಕೇಳ್ಕೊಳ್ಳೋದು. ಯುಗಾದಿ ತಂಕ ಸುಮ್ನಿದ್ದು ಬಿಡ್ರಿ. ಆಮೇಲೆ ನನ್ನ ಏನು ಬೇಕಾದ್ರೂ ಮಾಡ್ರಿ."

ಯುಗಾದಿ ಎಂದರೆ ಇನ್ನೂ ಆರು ತಿಂಗಳು. ಆರು ತಿಂಗಳು ಮುಚ್ಚಿಡಬೇಕಾದ ವಿಷಯ ಒಳ್ಳೆಯದಾಗಿರಲು ಸಾಧ್ಯವೇ? ಅವಳು ಕೈ ಮುಗಿದಷ್ಟೂ ನನ್ನ ಅನುಮಾನ ಬೆಳೆಯಿತು. ಗುರುವಾರ ಗೊಬ್ಬರದ ಅಂಗಡಿಗೆ ಹೋಗಿ ಕಲ್ಲೇಶಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಲ್ಲಿಂದ ಬರುವಾಗ ಗಾಡಿ ಮಾಲೀಕರ ಮನೆಗೂ ಹೋಗಿ, ಗುಡಿಸುವವಳ ಮೇಲೆ ಒಂದು ಕಣ್ಣಿಡಿ ಎಂದು ಬಂದೆ.

ಶುಕ್ರವಾರ ಕಲ್ಲೇಶಪ್ಪ ಬಂದ. ಗಾಡಿ ತುಂಬಿತ್ತು. ಸಿದ್ದಲಿಂಗಮ್ಮ ಆಗ ತಾನೇ ಕೂತಿದ್ದಳು. ಇವನು ಜನರನ್ನು ತಳ್ಳಿಕೊಂಡು ಒಳಗೆ ಹೋಗಿ ಟವೆಲ್ ಎತ್ತಿ ಹಿಡಿದ.

"ಇದು ಯಾವನದು? ಗಂಡಸಾದ್ರೆ ಎದ್ದು ನಿಲ್ಲಲಿ!"

ಗಂಡಸರೆಲ್ಲ ತಮ್ಮ ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು. ಹುಡುಗಿಯ ಮುಖದಲ್ಲಿ ರಕ್ತವಿರಲಿಲ್ಲ. ಅಣ್ಣ ಅವಳ ರಟ್ಟೆಗೆ ಕೈ ಹಾಕಿದ. ಆಗ ಬಾಗಿಲ ಹತ್ತಿರ ಗಿಡ್ಡಮ್ಮನ ದನಿ ಕೇಳಿತು.

"ಅದು ನಂದು ಸ್ವಾಮಿ."

"ನಿಂದಾ?"

"ನಂದೇ. ಸೀಟು ಹಿಡಿದು ಮಾರ್ತೀನಿ. ಈ ಅವ್ವ ಎಂಟಾಣೆ ಕೊಡ್ತಾಳೆ, ಇವಳಿಗೆ ಹಿಡೀತೀನಿ. ಹೊಟ್ಟೆಪಾಡು. ಯಾವ ಗಂಡಸೂ ಇಲ್ಲ, ನಮ್ಮ ದೇವರಾಣೆ."

ಗಾಡಿಯಲ್ಲಿ ನಗೆಯೋ ನಗೆ. ಇಷ್ಟು ದಿನ ಗೌಡರದ್ದೋ ಪೊಲೀಸಿನವನದ್ದೋ ಎಂದು ಹೆದರಿ ಯಾರೂ ಮುಟ್ಟದ ಟವೆಲ್ ಗಿಡ್ಡಮ್ಮನದು! ನಕ್ಕವರೇ ಆಮೇಲೆ ಬೈದರು. ಕಲ್ಲೇಶಪ್ಪ ಟವೆಲನ್ನು ಹಾವು ಹಿಡಿದವನಂತೆ ಹೊರಗೆ ಎಸೆದ. "ಕೇರಿಯವಳ ಟವೆಲ್ ಮೇಲೆ ಕೂತು ಹೋಗ್ತಿದ್ಯಾ? ಮಾನ ಮರ್ಯಾದೆ ಐತಾ ನಿಂಗೆ? ಎದ್ದೇಳು, ನಿಂತ್ಕೊಂಡು ಹೋಗು," ಎಂದು ತಂಗಿಗೆ ಹೇಳಿ ಇಳಿದ. ಗಂಡಸಿಲ್ಲ ಎನ್ನುವುದು ಖಾತ್ರಿಯಾಯಿತಲ್ಲ, ಅವನ ಎದೆ ಹಗುರವಾಗಿತ್ತು. ಹುಡುಗಿ ಎದ್ದಳು. ಅವಳು ಪೂರಾ ಏಳುವ ಮೊದಲೇ ಒಬ್ಬ ದಪ್ಪ ಮನುಷ್ಯ ಆ ಜಾಗದಲ್ಲಿ ಕೂತ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಎಂಟಾಣೆಗೆ ಯಾರಾದರೂ ಯುಗಾದಿವರೆಗೆ ಎಂದು ಕೈ ಮುಗಿಯುತ್ತಾರಾ? ಇದರಲ್ಲಿ ಇನ್ನೂ ಏನೋ ಐತೆ ಎಂದು ನಾನೂ ಗಾಡಿ ಹತ್ತಿದೆ. ಸಿದ್ದಲಿಂಗಮ್ಮ ಎರಡು ಕೈಯಲ್ಲೂ ಕಂಬಿ ಹಿಡಿದು ನಿಂತಿದ್ದಳು. ಮೂರು ಮೈಲಿ ಹೋಗುವಷ್ಟರಲ್ಲಿ ಹಣೆ ಬೆವೆತಿತು. ಐದನೇ ಮೈಲಿಗೆ ಜನರ ಕಾಲುಗಳ ಮಧ್ಯೆ ನೆಲದ ಮೇಲೆ ಕುಸಿದಳು. ಒಬ್ಬನೂ ಏಳಲಿಲ್ಲ. ವ್ರತ ಉಪವಾಸ ಇರಬೇಕು ಎಂದರು ಯಾರೋ. ಅವಳು ಸೆರಗಿನೊಳಗೆ ಕೆಮ್ಮುತ್ತಿದ್ದಳು. ನಾನು ಕಮ್ಮಿಯವನೇ? ಈ ಬೆವರು, ತಲೆಸುತ್ತು ಯಾವ ಕಾರಣಕ್ಕೋ ಎಂದು ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಅಂಥ ಪಾಪಿ ನಾನು.

ಹೊನ್ನಾಳಿಯಲ್ಲಿ ಇಳಿದು ಅವಳ ಹಿಂದೆ ಹೋದೆ. ಗೋಡೆ ಹಿಡಿದು, ಕೂತು, ಎದ್ದು ನಡೆದಳು. ಹೋಗಿ ಸೇರಿದ್ದು ಸರ್ಕಾರಿ ಆಸ್ಪತ್ರೆಯ ಹಿಂದಿನ ಬಾಗಿಲು. ಅಲ್ಲಿ ಸೂಜಿ ಹಾಕಿಸಿಕೊಳ್ಳುವವರ ಸಾಲಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಹಳದಿ ಕಾರ್ಡು, ಎಲ್ಲರ ಬಾಯಿಗೂ ಬಟ್ಟೆ. ಟಿ.ಬಿ. ಸಾಲು ಅದು. ನನ್ನನ್ನು ಕಂಡು ಅವಳು ಓಡಲಿಲ್ಲ, ಓಡಲು ಶಕ್ತಿಯಿರಲಿಲ್ಲ.

"ಮಾವ, ಅಣ್ಣಂಗೆ ಹೇಳಬ್ಯಾಡ್ರಿ. ಅವ್ವಂಗೆ, ಗಿಡ್ಡಮ್ಮಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ವಾರಕ್ಕೆ ಎರಡು ಸೂಜಿ, ಇನ್ನೂ ಐವತ್ತು ಐತೆ, ಯುಗಾದಿಗೆ ಮುಗೀತೈತೆ. ತಪ್ಪಿಸಿದ್ರೆ ಮೊದಲಿಂದ ಹಾಕ್ಬೇಕಂತೆ, ಆಮೇಲೆ ಔಷಧಿ ನಾಟೋದೂ ಇಲ್ಲವಂತೆ."

"ಇನ್ನೊಬ್ರಿಗೆ ಹತ್ತಲ್ವೇನಮ್ಮ ಇದು?"

"ಈಗ ಹತ್ತಲ್ಲ ಅಂದಾರೆ ಡಾಕ್ಟ್ರು. ಆದ್ರೂ ಉಸಿರು ಹೊರಗೆ ಹೋಗ್ಲಿ ಅಂತ ಗಿಡ್ಡಮ್ಮ ಕಿಟಕಿ ಬಿಟ್ಟು ಬ್ಯಾರೆ ಸೀಟು ಹಿಡಿದಿಲ್ಲ."

ಆ ಮಗುವನ್ನು ನೆಲದ ಮೇಲೆ ಕೂರಿಸಿದವನು ನಾನು. ಅಂದು ವಾಪಸ್ ಬರುವಾಗ ಒಬ್ಬನನ್ನು ಗದರಿಸಿ ಎಬ್ಬಿಸಿ ಅವಳನ್ನು ಕೂರಿಸಿದೆ.

ಊರಿಗೆ ಬರುವಷ್ಟರಲ್ಲಿ ಮಾಲೀಕರು ಗಿಡ್ಡಮ್ಮನನ್ನು ಕೆಲಸದಿಂದ ತೆಗೆದಿದ್ದರು. ಕೇರಿಗೆ ಹೋದೆ. ಅವಳು ಬಾಗಿಲಲ್ಲಿ ಕೂತು ಆ ಟವೆಲ್ಲಿನ ಕೆಸರು ತೊಳೆಯುತ್ತಿದ್ದಳು.

"ನೋಡಿದ್ರಾ?" ಎಂದಳು, ತಲೆ ಎತ್ತದೆ.

"ನೋಡಿದೆ. ನಿಂಗೆ ಹೆಂಗೆ ಗೊತ್ತಾಯ್ತು?"

"ಗುಡಿಸೋವಾಗ ಸೀಟಿನ ಕೆಳಗೆ ರಕ್ತದ ಕರ್ಚೀಪು ಸಿಕ್ತು, ಹುಡುಕ್ಕೊಂಡು ಬಂದಿದ್ದು ಆ ಮಗು. ನನ್ನ ಗಂಡಂಗೂ ಅದೇ ಇತ್ತಲ್ಲ. ಹದಿನೆಂಟು ಸೂಜಿ ಹಾಕಿಸ್ಕೊಂಡ. ಆಮೇಲೆ ಗಾಡಿ ಹತ್ತಾಕಾಗಲಿಲ್ಲ ಅವನಿಗೆ. ನುಗ್ಗಾಕೆ ಹೋಗಿ ಎರಡು ಸಲ ಬಿದ್ದ. ಮೂರನೇ ಸಲ ಹೋಗೋದಿಲ್ಲ ಅಂದುಬಿಟ್ಟ." ಟವೆಲ್ ಹಿಂಡಿ ಕೊಡವಿದಳು. "ಅವನದೇ ಇದು."

ಅವನು ಬಿದ್ದಾಗ ಸ್ಟ್ಯಾಂಡಿನಲ್ಲಿ ಸೀಟಿ ಊದುತ್ತ ನಿಂತವನು ನಾನೇ ಇರಬೇಕು. ನೆನಪಿಲ್ಲ. ಬಿದ್ದವರು ಎಷ್ಟೋ ಜನ. ಸೋಮವಾರ ಕುಂಟು ಕಾಲಿನ ಪಾಪಣ್ಣನಿಗೆ, ಗುರುವಾರ ಒಬ್ಬ ತುಂಬಿದ ಬಸುರಿಗೆ ಹಿಂದಿನ ಸೀಟುಗಳಲ್ಲಿ ಹಳೆ ಬಟ್ಟೆ ಹಾಕಿಡುತ್ತಿದ್ದುದೂ ಇವಳೇ ಎಂದು ಅಂದು ಗೊತ್ತಾಯಿತು. ಕುಂಟ ಕೂತರೆ ಯಾರಿಗೂ ಅನುಮಾನವಿಲ್ಲ, ಹಾಗಾಗಿ ನಾನೂ ನೋಡಿರಲಿಲ್ಲ.

"ನಾಳೆನೇ ಮಾಲೀಕರಿಗೆ ಹೇಳ್ತೀನಿ, ನೀನು ಸೀಟು ಮಾರಿಲ್ಲ ಅಂತ," ಎಂದೆ.

ಗಿಡ್ಡಮ್ಮನಿಗೆ ಸಿಟ್ಟು ಬಂತು. ಅವಳ ಸಿಟ್ಟು ಕಂಡಿದ್ದು ಅದೇ ಮೊದಲು. "ಏನಂತ ಹೇಳ್ತೀರಿ? ಮಾರಿಲ್ಲ ಅಂದ್ರೆ ಮತ್ಯಾಕೆ ಹಿಡಿದಳು ಅಂತಾರೆ. ಆಗ? ಒಂದು ಮಾತು ಬಿಟ್ರೆ ಜಗಳೂರಿಗೆ ಮುಟ್ಟುತ್ತೆ. ಬಾಯಿ ಮುಚ್ಕೊಂಡು ಆ ಮಗೀನ ಪ್ರತಿ ಸಲ ಕೂರಿಸ್ರಿ, ಅಷ್ಟು ಮಾಡ್ರಿ ಸಾಕು."

ಅಷ್ಟು ಮಾಡಿದೆ. ಉಳಿದ ಐವತ್ತು ಸಲವೂ ಛತ್ರದ ಹತ್ತಿರವೇ ಸಿದ್ದಲಿಂಗಮ್ಮನನ್ನು ಹತ್ತಿಸಿ ಕಿಟಕಿಗೆ ಕೂರಿಸಿದೆ. ಏಜೆಂಟರ ಮಾತಿಗೆ ಎದುರಿಲ್ಲ. ಆದರೆ ನಮ್ಮ ಜನ ಬಿಡುತ್ತಾರಾ? ಈ ಮರುಳಪ್ಪಂಗೂ ಆ ಹುಡುಗಿಗೂ ಏನೋ ಐತೆ ಎಂದರು. ನನ್ನ ಹೆಂಡತಿ ಕೊಟ್ರಮ್ಮ ಒಂದು ತಿಂಗಳು ತಟ್ಟೆಯನ್ನು ಕುಕ್ಕಿ ಇಟ್ಟಳು. ಅನುಮಾನ ಪಡುವುದು ನನಗೆ ಅಭ್ಯಾಸವಾಗಿತ್ತು, ಪಡಿಸಿಕೊಳ್ಳುವುದು ಹೊಸದು. ಬಲು ಉರಿ ಅದು.

ವೈಶಾಖದಲ್ಲಿ ಮದುವೆಯಾಯಿತು. ಗಿಡ್ಡಮ್ಮನಿಗೆ ಊರಲ್ಲಿ ಬೇರೆ ಕೆಲಸ ಸಿಗಲಿಲ್ಲ. ಸೀಟು ಮಾರಿದವಳು, ಅಂಗಡಿ ಗುಡಿಸಲು ಬಿಟ್ಟರೆ ಇನ್ನೇನು ಮಾರುತ್ತಾಳೋ ಎನ್ನುವ ಮಾತು. ಹೊಲದ ಕೂಲಿಗೆ ಹೋದಳು. ನಾನು ಎದುರಾದರೆ ತಲೆ ತಗ್ಗಿಸುತ್ತಿದ್ದೆ. ಅವಳು ತಗ್ಗಿಸಲಿಲ್ಲ.

ಎಂಬತ್ತಾರನೇ ಇಸವಿ, ಅದೇ ಏಳೂವರೆ ಗಾಡಿ. ಸಿದ್ದಲಿಂಗಮ್ಮ ತವರಿಗೆ ಬಂದು ಗಂಡ, ನಾಲ್ಕು ವರ್ಷದ ಮಗಳ ಜೊತೆ ಜಗಳೂರಿಗೆ ಹೊರಟಿದ್ದಳು. ಕೆನ್ನೆ ತುಂಬಿತ್ತು. ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದರು. ಕೊನೆಗೆ ಗಿಡ್ಡಮ್ಮ ಹತ್ತಿದಳು, ತಲೆ ಮೇಲೆ ಗಂಟು, ಕೂಲಿ ಕೆಲಸದಲ್ಲಿ ಸೊಂಟ ಬಿದ್ದುಹೋಗಿತ್ತು. ಹೊನ್ನಾಳಿ ಆಸ್ಪತ್ರೆಗೆ ಹೊರಟವಳು. ಜನರ ಒತ್ತಡಕ್ಕೆ ಬಂದು ಸಿದ್ದಲಿಂಗಮ್ಮನ ಸೀಟಿಗೆ ಒರಗಿ ನಿಂತಳು. ಒಬ್ಬರನ್ನೊಬ್ಬರು ನೋಡಿದರು. ಗಿಡ್ಡಮ್ಮ ಗುರುತಿಲ್ಲದವಳ ಹಾಗೆ ಮುಖ ಆ ಕಡೆ ತಿರುಗಿಸಿದಳು.

"ಚೀಲ ಹುಷಾರು ಕಣ್ರೀ," ಎಂದ ಹಿಂದಿನ ಸೀಟಿನವನು ಆ ಗಂಡನಿಗೆ. "ಸೀಟು ಮಾರ್ತಿದ್ದ ಕಳ್ಳಿ ಇವಳು."

ಗಂಡ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಸಿದ್ದಲಿಂಗಮ್ಮ ಎದ್ದು ನಿಂತಳು.

"ಕೂತ್ಕೋ ಬಾ ಗಿಡ್ಡಮ್ಮ."

"ಬ್ಯಾಡ ತಾಯಿ. ಯಾರು ನೀವು? ನಂಗೆ ಗೊತ್ತಿಲ್ಲ," ಎಂದಳು ಗಿಡ್ಡಮ್ಮ ಗಾಬರಿಯಿಂದ.

"ಯಾರಿವಳು?" ಎಂದ ಗಂಡ.

"ನಂಗೆ ಟಿ.ಬಿ. ಆಗಿತ್ತು," ಎಂದಳು ಸಿದ್ದಲಿಂಗಮ್ಮ. ಗಾಡಿಗೆಲ್ಲ ಕೇಳಿಸಿತು. "ಮದುವೆಗೆ ಮುಂಚೆ. ನಿಲ್ಲಾಕಾಗ್ತಿರಲಿಲ್ಲ. ಇವಳು ಸೀಟು ಹಿಡಿದು ನನ್ನ ಉಳಿಸಿದ್ಳು. ಒಂದು ಪೈಸೆ ಮುಟ್ಟಿಲ್ಲ. ನನ್ನ ಹೆಸರು ಉಳೀಲಿ ಅಂತ ಕಳ್ಳಿ ಅನ್ನಿಸ್ಕೊಂಡ್ಳು."

"ಹಾಳು ಮಾಡ್ಕೊಂಡ್ಯಲ್ಲೇ ನನ್ನವ್ವ!" ಎಂದು ಗಿಡ್ಡಮ್ಮ ಹಣೆ ಬಡಿದುಕೊಂಡಳು. "ಎಂಟು ವರ್ಷ ಬಾಯಿ ಕಟ್ಟಿದ್ದೆನಲ್ಲೇ ನಾನು!"

ಹಿಂದಿನ ಸೀಟಿನವನು ಎದ್ದ. ಮುಂದಿನ ಸೀಟಿನವರು ಎದ್ದರು. ಟಾಪಿನ ಮೇಲೂ ಜನ ಕೂತಿದ್ದ ಆ ಗಾಡಿಯಲ್ಲಿ ಅವರ ಸುತ್ತ ನಾಲ್ಕು ಸೀಟು ಖಾಲಿಯಾದವು, ಎಲ್ಲರ ಮೂಗಿಗೂ ಟವೆಲ್. ಗಂಡ ಮಗಳನ್ನು ಎತ್ತಿಕೊಂಡು ಎದ್ದು ನಿಂತ. ಬಾಗಿಲಲ್ಲಿದ್ದ ನನ್ನನ್ನು ನೋಡಿದ.

"ಏಜೆಂಟ್ರೆ, ಇದು ನಿಜಾನಾ?"

"ನಿಜ. ಇವಳ ಮೇಲೆ ಅಪವಾದ ಹೊರಿಸಿದೋನು ನಾನು. ನಿಜ ಗೊತ್ತಿದ್ದೂ ಸುಮ್ನಿದ್ದೋನೂ ನಾನೇ," ಎಂದೆ. ಅವನು ಮಗಳನ್ನು ಹೊತ್ತು ಮುಂದೆ ಹೋಗಿ, ಡ್ರೈವರ್ ಪಕ್ಕ ಬೆನ್ನು ತಿರುಗಿಸಿ ನಿಂತ. ಸಿದ್ದಲಿಂಗಮ್ಮ ಗಿಡ್ಡಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಗಾಡಿ ಹೊರಟಿತು.

ಸಂಜೆ ಬೀರಲಿಂಗಪ್ಪ ವಾಪಸ್ ಬರುವವರೆಗೂ ನನಗೆ ಅನ್ನ ಇಳಿಯಲಿಲ್ಲ. "ಏನಾಯ್ತೋ?" ಎಂದು ಗಾಡಿ ನಿಲ್ಲುವ ಮೊದಲೇ ಕೇಳಿದೆ.

"ಹೊನ್ನಾಳಿ ತಂಕ ಹಂಗೇ ನಿಂತಿದ್ದ ಮಾರಾಯ್ರೇ. ಅಲ್ಲಿ ಗಿಡ್ಡಮ್ಮ ಇಳಿಯಾಕೆ ಎದ್ಳು. ಆಗ ಬಂದ. ಅವಳ ಗಂಟು ತಾನೇ ಎತ್ಕೊಂಡು ಕೆಳಗಿಳಿದು, ಅವಳ ಕೈಗೆ ಕೊಟ್ಟ."

"ಏನಾದ್ರೂ ಅಂದ್ನಾ?"

"ಏನೂ ಅನ್ನಲಿಲ್ಲ. ಹತ್ತಿ ಬಂದು, ಗಿಡ್ಡಮ್ಮ ಕೂತಿದ್ದ ಜಾಗದಾಗೇ ಕೂತ, ಹೆಂಡ್ತಿ ಪಕ್ಕ."

ಬೀರಲಿಂಗಪ್ಪ ಸುಳ್ಳು ಹೇಳುವವನಲ್ಲ. ಆದರೂ ಮಾರನೇ ದಿನ ಡ್ರೈವರನ್ನೂ ಕೇಳಿದೆ. ಅವನೂ ಅದನ್ನೇ ಹೇಳಿದ.